ಕ್ಲಿಪ್ ಹಾಕಿದವರಿಗೆ ದಿನ ಕೊಡುವುದು ಹೇಗೆ?

ಪ್ರಶ್ನೆ: ಕಾಸರಗೋಡಿನ ಕುಂಬಳೆಯಲ್ಲಿ ನನ್ನದೊಂದು ಡೆಂಟಲ್ ಕ್ಲಿನಿಕ್ ಇದೆ. ನಾನು ಬಿಡಿಎಸ್ ಮಾಡಿದವಳು. ಎರಡು ಚೇರ್, ಸಹಾಯಕ್ಕೆ ಇಬ್ಬರು ಹುಡುಗಿಯರು. ಮಂಗಳೂರಿನಿಂದ ಆರ್ಥೋಡಾಂಟಿಸ್ಟ್ (ಹಲ್ಲಿನ ಸಾಲು ಸರಿಮಾಡುವ ತಜ್ಞರು) ಒಬ್ಬರು ತಿಂಗಳ ಮೊದಲ ಮತ್ತು ಮೂರನೇ ಶನಿವಾರ ಬರುತ್ತಾರೆ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಈಗ ಸುಮಾರು 90 ಮಂದಿ ಇದ್ದಾರೆ. ಎಲ್ಲರಿಗೂ ‘ಶನಿವಾರ ಬನ್ನಿ’ ಅಂತ ಹೇಳುತ್ತೇವೆ. ಬೆಳಿಗ್ಗೆ 10 ಗಂಟೆಗೆ ಹೊರಗೆ ಚಪ್ಪಲಿ ಇಡಲೂ ಜಾಗ ಇರುವುದಿಲ್ಲ. ಮಧ್ಯಾಹ್ನ 3ರ ಮೇಲೆ ಡಾಕ್ಟರ್ ಸುಮ್ನೆ ಕೂತಿರುತ್ತಾರೆ. ಕಾದು ಕಾದು ಜನ ಜಗಳಕ್ಕೆ ಬರುತ್ತಾರೆ. ಕೆಲವರು ಮೂರು ನಾಲ್ಕು ತಿಂಗಳು ಇತ್ತ ತಲೆಯೇ ಹಾಕುವುದಿಲ್ಲ. ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ತೆಗೆದುಕೊಂಡರೆ ಇದೆಲ್ಲ ಸರಿಹೋಗುತ್ತದಾ?

ಉತ್ತರ: ಡಾಕ್ಟ್ರೇ, ಸಾಫ್ಟ್‌ವೇರ್ ವಿಷಯ ಕೊನೆಗೆ ಇಟ್ಟುಕೊಳ್ಳೋಣ. ನೀವು ಎರಡು ತೊಂದರೆ ಬರೆದಿದ್ದೀರಿ. ಒಂದು, ಬೆಳಿಗ್ಗೆ ಜನ ತುಂಬುವುದು. ಇನ್ನೊಂದು, ಕೆಲವರು ತಿಂಗಳುಗಟ್ಟಲೆ ಬಾರದಿರುವುದು. ಮೊದಲನೆಯದರಿಂದ ನಿಮಗೆ ತಲೆನೋವು. ಎರಡನೆಯದರಿಂದ ರೋಗಿಯ ಹಲ್ಲು ಹಾಳಾಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಜಗಳ ಮಾಡುವವರು ಎದುರಿಗೆ ಇರುತ್ತಾರೆ, ಏನಾದರೂ ಹೇಳಿ ಸಮಾಧಾನ ಮಾಡಬಹುದು. ಬಾಯಿಯಲ್ಲಿ ಕ್ಲಿಪ್ ಇಟ್ಟುಕೊಂಡು ಪೈವಳಿಕೆಯಲ್ಲೋ ಬಾಯಾರಿನಲ್ಲೋ ಮನೆಯಲ್ಲೇ ಉಳಿದುಬಿಟ್ಟ ಹುಡುಗನ ನೆನಪು ಶನಿವಾರದ ಗಡಿಬಿಡಿಯಲ್ಲಿ ಯಾರಿಗೂ ಬರುವುದಿಲ್ಲ.

ಹಲ್ಲಿನ ಬೇರೆ ಕೆಲಸಕ್ಕೂ ನಮ್ಮ ಕೆಲಸಕ್ಕೂ ಇಲ್ಲೇ ವ್ಯತ್ಯಾಸ. ಹುಳುಕು ಹಲ್ಲು ತುಂಬಿಸಿಕೊಂಡು ಹೋದವರು ಆರು ತಿಂಗಳು ಬಾರದಿದ್ದರೂ ನಡೆಯುತ್ತದೆ. ಕ್ಲಿಪ್ ಎಂದರೆ ಒಂದೂವರೆ ಎರಡು ವರ್ಷದ ಕೆಲಸ. ರೋಗಿ ಮನೆಯಲ್ಲಿ ಮಲಗಿರುವಾಗಲೂ ತಂತಿ ಹಲ್ಲನ್ನು ಒತ್ತುತ್ತಲೇ ಇರುತ್ತದೆ. ಒತ್ತಡ ಬಿದ್ದ ಕಡೆ ಎಲುಬು ಮೆಲ್ಲಗೆ ಕರಗುತ್ತದೆ, ಅದರ ಹಿಂದೆ ಹೊಸ ಎಲುಬು ಬೆಳೆಯುತ್ತದೆ. ಇದಕ್ಕೆ ವಾರಗಳೇ ಬೇಕು. ಕಿತ್ತ ಹಲ್ಲಿನ ಜಾಗಕ್ಕೆ ಕೋರೆಹಲ್ಲನ್ನು ಎಳೆಯುವಾಗ ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿದರೆ ಒಳ್ಳೆಯದಾಯಿತು ಅನ್ನಬೇಕು. ವಾರ ವಾರ ಕರೆಸಿ ಬಿಗಿ ಮಾಡಿದರೆ ಹಲ್ಲು ಬೇಗ ಸರಿಯುವುದಿಲ್ಲ. ನೋವು ಜಾಸ್ತಿಯಾಗುತ್ತದೆ, ಬೇರಿನ ತುದಿ ಸವೆಯುವ ಭಯವೂ ಉಂಟು. ತಡವಾದರೆ ಬೇರೆ ತೊಂದರೆ. ಹಲ್ಲುಗಳನ್ನು ಹತ್ತಿರಕ್ಕೆ ಎಳೆಯುವ ರಬ್ಬರ್ ಚೈನ್ ಮೊದಲ 24 ಗಂಟೆಯಲ್ಲೇ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ನಾಲ್ಕೈದು ವಾರ ದಾಟಿದ ಮೇಲೆ ಅದು ಬಾಯಿಯಲ್ಲಿದ್ದರೂ ದೊಡ್ಡ ಪ್ರಯೋಜನವಿಲ್ಲ. ಮೊದಲ ಹಂತದಲ್ಲಿ ಹಾಕುವ ತೆಳು ನಿಕ್ಕಲ್ ಟೈಟಾನಿಯಂ ತಂತಿ ಹಾಗಲ್ಲ, ಆರೆಂಟು ವಾರ ಕೂಡ ಕೆಲಸ ಮಾಡುತ್ತಿರುತ್ತದೆ.

ಅಂದರೆ ಯಾರನ್ನು ಎಷ್ಟು ವಾರಕ್ಕೆ ಕರೆಸಬೇಕು ಎನ್ನುವುದು ಬಾಯಿಯಲ್ಲಿ ಯಾವ ತಂತಿ, ಯಾವ ರಬ್ಬರ್ ಇದೆ ಎನ್ನುವುದರ ಮೇಲೆ ನಿಲ್ಲುತ್ತದೆ. ಅದನ್ನು ಆರ್ಥೋಡಾಂಟಿಸ್ಟ್ ಹೇಳಬೇಕು. ಎಲ್ಲರಿಗೂ ಒಂದೇ ‘ಶನಿವಾರ ಬನ್ನಿ’ ಅಂದರೆ ಆಗುವುದಿಲ್ಲ.

ಮೊದಲು ಆ ‘ಮೊದಲ ಮತ್ತು ಮೂರನೇ ಶನಿವಾರ’ ಬಿಡಿ. ನೆನಪಿಡಲು ಸುಲಭ ಹೌದು. ಆದರೆ ಐದು ಶನಿವಾರ ಬರುವ ತಿಂಗಳಲ್ಲಿ ಮೂರನೆಯದರಿಂದ ಮುಂದಿನ ತಿಂಗಳ ಮೊದಲನೆಯದಕ್ಕೆ ಮೂರು ವಾರ ಆಗಿಬಿಡುತ್ತದೆ. ನಾಲ್ಕು ವಾರಕ್ಕೆ ಬರಬೇಕಾದವರು ಐದು ವಾರಕ್ಕೆ ಬರುತ್ತಾರೆ. ಅದರ ಬದಲು ಸರಿಯಾಗಿ 14 ದಿನಕ್ಕೊಮ್ಮೆ ಬರಲು ನಿಮ್ಮ ಡಾಕ್ಟರನ್ನು ಒಪ್ಪಿಸಿ. ಆಗ 4 ವಾರ, 6 ವಾರ, 8 ವಾರ ಎಲ್ಲವೂ ಲೆಕ್ಕಕ್ಕೆ ಸಿಗುತ್ತದೆ. ವರ್ಷಕ್ಕೆ 24ರ ಬದಲು 26 ದಿನ ಸಿಗುತ್ತದೆ. ವರ್ಷದ ಎಲ್ಲ ಶನಿವಾರಗಳ ಪಟ್ಟಿಯನ್ನು ಜನವರಿಯಲ್ಲೇ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ. ಡಾಕ್ಟರ್ ಊರಲ್ಲಿ ಇಲ್ಲದ ದಿನ ಯಾವುದು ಅಂತ ಎರಡು ತಿಂಗಳು ಮೊದಲೇ ಕೇಳಿ ಅದರಲ್ಲಿ ಗುರುತು ಹಾಕಿ.

ಈಗ ನಿಮ್ಮ 90 ಮಂದಿಯ ಲೆಕ್ಕ ಮಾಡೋಣ. ಎಲ್ಲರೂ ನಾಲ್ಕು ವಾರಕ್ಕೊಮ್ಮೆ ಬಂದರೆ ಒಂದು ಶನಿವಾರಕ್ಕೆ 45 ಮಂದಿ. ಅವರಲ್ಲಿ ಒಂದು 40 ಮಂದಿ ಇನ್ನೂ ತೆಳು ತಂತಿಯ ಹಂತದಲ್ಲಿದ್ದಾರೆ, ಅವರು ಆರು ವಾರಕ್ಕೆ ಬಂದರೆ ಸಾಕು ಅಂತ ಡಾಕ್ಟರ್ ಹೇಳಿದರು ಎಂದಿಟ್ಟುಕೊಳ್ಳಿ. ಆ 40ರಲ್ಲಿ ಒಂದು ಶನಿವಾರದ ಪಾಲಿಗೆ 13ರಿಂದ 14 ಮಂದಿ. ಉಳಿದ 50ರಲ್ಲಿ 25. ಒಟ್ಟು 39. ಚಿಕಿತ್ಸೆಗೆ ಏನೂ ಕಡಿಮೆ ಮಾಡದೆ ಆರು ಮಂದಿ ಕಡಿಮೆಯಾದರು. ತಲಾ 15 ನಿಮಿಷ ಎಂದರೆ ಒಂದೂವರೆ ಗಂಟೆ ಚೇರ್ ಖಾಲಿಯಾಯಿತು.

ಬೆಳಿಗ್ಗೆ 9ರಿಂದ 1, ಮಧ್ಯಾಹ್ನ 2ರಿಂದ 5. ಏಳು ಗಂಟೆ ಎಂದರೆ 420 ನಿಮಿಷ, ಎರಡು ಚೇರ್‌ಗೆ 840. 39 ಮಂದಿಗೆ ತಲಾ 15 ಎಂದರೆ 585. ಹೊಸದಾಗಿ ಕ್ಲಿಪ್ ಹಾಕುವವರು ಇಬ್ಬರು, ತಲಾ 75 ನಿಮಿಷ, ಒಟ್ಟು 150. ಕ್ಲಿಪ್ ಬಿಚ್ಚುವವರು ಒಬ್ಬರು, 45. ಇನ್ನು ಉಳಿಯುವುದು ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಹೊಸದಾಗಿ ತೋರಿಸಲು ಬಂದವರಿಗೆ, ಅರ್ಧ ಗಂಟೆ ಕಿತ್ತುಬಂದ ಕ್ಲಿಪ್‌ಗಳಿಗೆ. ಅಲ್ಲಿಗೆ ದಿನ ತುಂಬಿತು. ಮೂರನೇ ಹೊಸ ಕ್ಲಿಪ್‌ಗೆ ಆ ಶನಿವಾರ ಜಾಗ ಇಲ್ಲ. ‘ಡಾಕ್ಟ್ರೇ, ಅಷ್ಟು ದೂರದಿಂದ ಬಂದಿದ್ದೇವೆ, ಇವತ್ತೇ ಹಾಕಿ’ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರನ್ನು ಹತ್ತಿಸಿಕೊಂಡ ದಿನವೇ ಹೊರಗೆ ಜಗಳ ಶುರುವಾಗುತ್ತದೆ, ನೀವೇ ಗಮನಿಸಿ ನೋಡಿ.

ಈ 15 ನಿಮಿಷ, 75 ನಿಮಿಷ ಅನ್ನುವುದು ಒಂದು ಅಂದಾಜು. ನಿಮ್ಮಲ್ಲಿ ಎಷ್ಟು ಬೇಕು ಎನ್ನುವುದು ನಿಮ್ಮ ಗಡಿಯಾರಕ್ಕೇ ಗೊತ್ತು. ಬರುವ ಎರಡು ಶನಿವಾರ ಒಬ್ಬ ಹುಡುಗಿಗೆ ಒಂದೇ ಕೆಲಸ ಕೊಡಿ: ರೋಗಿ ಚೇರ್‌ನಲ್ಲಿ ಕೂತ ಹೊತ್ತು, ಡಾಕ್ಟರ್ ಕೈ ಹಾಕಿದ ಹೊತ್ತು, ಡಾಕ್ಟರ್ ಕೈ ತೆಗೆದ ಹೊತ್ತು, ರೋಗಿ ಎದ್ದ ಹೊತ್ತು. ನಾಲ್ಕೂ ಬರೆಯಲಿ. ಆ ಎರಡು ಹಾಳೆ ಕೈಗೆ ಬರುವವರೆಗೆ ಬೇರೆ ಏನನ್ನೂ ನಿರ್ಧರಿಸಬೇಡಿ.

ಯಾಕೆ ನಾಲ್ಕು ಹೊತ್ತು ಅಂದರೆ, ಚೇರ್‌ನ ಸಮಯ ಬೇರೆ, ಡಾಕ್ಟರ್ ಸಮಯ ಬೇರೆ. ಹೊಸದಾಗಿ ಕ್ಲಿಪ್ ಹಾಕುವುದನ್ನೇ ನೋಡಿ. 9 ಗಂಟೆಗೆ ಹುಡುಗಿಯೊಬ್ಬಳು ಒಂದನೇ ಚೇರ್‌ನಲ್ಲಿ ಕೂತಳು. ಮೊದಲು ಹಲ್ಲು ಉಜ್ಜಿ ಸ್ವಚ್ಛ ಮಾಡಬೇಕು. ಕೆನ್ನೆ ಅಗಲಿಸುವ ಪ್ಲಾಸ್ಟಿಕ್ ಇಟ್ಟು, ಎಂಜಲು ಎಳೆಯುವ ನಳಿಗೆ ಇಟ್ಟು, 37 ಶೇಕಡಾ ಫಾಸ್ಫರಿಕ್ ಆಸಿಡ್ ಜೆಲ್ಲನ್ನು ಹಲ್ಲಿಗೆ ಹಚ್ಚಿ ಅರ್ಧ ನಿಮಿಷದ ಹೊತ್ತು ಬಿಟ್ಟು ತೊಳೆಯಬೇಕು. ಒಣಗಿಸಿದಾಗ ಹಲ್ಲಿನ ಮೇಲ್ಮೈ ಸೀಮೆಸುಣ್ಣದಂತೆ ಬಿಳಿಯಾಗಿ ಕಾಣಬೇಕು. ಇಷ್ಟೂ ನೀವು ಮಾಡಬಹುದಾದ ಕೆಲಸ. ಹೆಚ್ಚುಕಡಿಮೆ 9:15ಕ್ಕೆ ಆರ್ಥೋಡಾಂಟಿಸ್ಟ್ ಬರುತ್ತಾರೆ. ಹಲ್ಲಿಗೆ ಅಂಟಿಸಿ ತಂತಿ ಹಿಡಿಸುವ ತುಂಡು, ಅಂದರೆ ಒಂದೊಂದು ಬ್ರಾಕೆಟ್ಟನ್ನೂ ಅದರ ಎತ್ತರ, ಓರೆ ನೋಡಿ ಕೂರಿಸುತ್ತಾರೆ, ಲೈಟ್ ಹಿಡಿದು ಗಟ್ಟಿ ಮಾಡುತ್ತಾರೆ. ಇದು ಅವರ ಕೈಯಿಂದಲೇ ಆಗಬೇಕು, ಮುಂದಿನ ಎರಡು ವರ್ಷದ ಕೆಲಸ ಇದರ ಮೇಲೆ ನಿಂತಿದೆ. ಈ ಹೊತ್ತಿನಲ್ಲಿ ಎಂಜಲು ಒಂದು ಹನಿ ತಾಗಿದರೂ ಆ ಬ್ರಾಕೆಟ್ ಮುಂದೆ ಕಿತ್ತು ಬರುತ್ತದೆ. ಹಾಗಾಗಿ ಆ ಅರ್ಧ ಗಂಟೆ ಅವರನ್ನು ಯಾರೂ ಕರೆಯಬಾರದು. 9:45ಕ್ಕೆ ಅವರು ಎದ್ದರೆ ತಂತಿ ಕಟ್ಟುವುದು, ತುದಿ ಚುಚ್ಚುತ್ತದಾ ನೋಡುವುದು, ಹಲ್ಲುಜ್ಜುವ ಕ್ರಮ ಕನ್ನಡಿ ಹಿಡಿದು ತೋರಿಸುವುದು ಮತ್ತೆ ನಿಮ್ಮ ಪಾಲು. 10:15ಕ್ಕೆ ಹುಡುಗಿ ಏಳುತ್ತಾಳೆ. 75 ನಿಮಿಷದಲ್ಲಿ ಡಾಕ್ಟರ್ ಬೇಕಾದದ್ದು 30 ನಿಮಿಷ ಮಾತ್ರ.

ಉಳಿದ ಹೊತ್ತಿನಲ್ಲಿ ಅವರು ಎರಡನೇ ಚೇರ್‌ನಲ್ಲಿ ತಂತಿ ಬದಲಿಸುವವರನ್ನು ನೋಡಬಹುದು. ಅದಕ್ಕೆ ಅವರ ಐದು ನಿಮಿಷ ಸಾಕು, ಹಳೆ ರಬ್ಬರ್ ಬಿಚ್ಚಿ ತಂತಿ ತೆಗೆದು ಇಟ್ಟಿದ್ದರೆ. ಡಾಕ್ಟರ್ ಬಂದ ಮೇಲೆ ಬಿಚ್ಚಲು ಶುರುಮಾಡುವ ಕ್ಲಿನಿಕ್‌ನಲ್ಲಿ ಎಷ್ಟು ಚೇರ್ ಇದ್ದರೂ ಸಾಲುವುದಿಲ್ಲ. ಎರಡು ಹೊಸ ಕ್ಲಿಪ್‌ಗಳನ್ನು ಮಾತ್ರ ಒಂದೇ ಹೊತ್ತಿಗೆ ಎರಡು ಚೇರ್‌ನಲ್ಲಿ ಇಡಬೇಡಿ. ಒಂದು 9 ಗಂಟೆಗೆ, ಇನ್ನೊಂದು ಊಟದ ನಂತರ 2 ಗಂಟೆಗೆ. ಕ್ಲಿಪ್ ಬಿಚ್ಚುವುದನ್ನು 12ರ ಸುಮಾರಿಗೆ ಇಡಿ. 3ರಿಂದ 5ರ ತನಕ ಬರೀ ತಂತಿ ಬದಲಿಸುವವರು, ಕಾಲೇಜಿನವರು, ಕೆಲಸಕ್ಕೆ ಹೋಗುವವರು. ಆ ಹೊತ್ತಿಗೆ ಡಾಕ್ಟರ್ ಸುಮ್ನೆ ಕೂತಿರುವುದು ತಪ್ಪುತ್ತದೆ.

ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಆಟೋಕ್ಲೇವ್, ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಯಂತ್ರ. ಗಂಟೆಗೆ ಎಂಟು ಮಂದಿ ಚೇರ್ ಹತ್ತಿದರೆ ಎಂಟು ಸೆಟ್ ಉಪಕರಣ ಬೇಕು. ತೊಳೆದು, ಪ್ಯಾಕ್ ಮಾಡಿ, ಬಿಸಿಯೇರಿ, ಆರಿ ಹೊರಬರಲು ಒಂದು ಗಂಟೆ ಹಿಡಿಯುತ್ತದೆ ಅಂದರೆ ಇನ್ನೂ ಎಂಟು ಸೆಟ್ ಕೈಯಲ್ಲಿರಬೇಕು. 16 ಸೆಟ್ ಇಲ್ಲದೆ ಈ ಲೆಕ್ಕ ನಡೆಯುವುದಿಲ್ಲ. ಇಕ್ಕಳ ಕಾಯುತ್ತಾ ನಿಂತರೆ ನಿಮ್ಮ ಪಟ್ಟಿ ಎಷ್ಟು ಚಂದ ಇದ್ದರೂ 11 ಗಂಟೆಗೆ ಕುಸಿಯುತ್ತದೆ. ಬೇಗ ಮುಗಿಸಲು ಕ್ರಿಮಿಶುದ್ಧಿಯಲ್ಲಿ ರಾಜಿ ಮಾಡುವ ಮಾತೇ ಬೇಡ.

ಹೊತ್ತು ಕೊಡುವಾಗ ಬಸ್ ಕೇಳಿ ಕೊಡಿ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಒಳರಸ್ತೆಯ ಬಸ್ ನಂಬಿದವರು. ಅವರಿಗೆ 9 ಗಂಟೆ ಕೊಟ್ಟು ತಡವಾಯಿತು ಎಂದು ಬೈದರೆ ಏನು ಪ್ರಯೋಜನ? ಉಪ್ಪಳ, ಮಂಜೇಶ್ವರದವರಿಗೆ ಹೆದ್ದಾರಿಯ ಬಸ್ ಬೇಕಾದಷ್ಟು ಉಂಟು, ರೈಲೂ ಉಂಟು. ಬೆಳಗ್ಗಿನ ಹೊತ್ತು ಅವರಿಗೆ ಕೊಡಿ. ಅಣ್ಣ ತಂಗಿ ಇಬ್ಬರಿಗೂ ಕ್ಲಿಪ್ ಇದ್ದರೆ ಒಂದರ ಹಿಂದೆ ಒಂದು ಕೊಡಿ, ತಾಯಿಗೆ ಎರಡು ಸಲ ಬರುವ ಕಷ್ಟ ಬೇಡ.

ಶನಿವಾರ ಹಗುರವಾಗಬೇಕಾದರೆ ವಾರದ ಬೇರೆ ದಿನ ನೀವು ಕೆಲಸ ಮಾಡಬೇಕು. ನೀವು ಅಲ್ಲೇ ಇರುವವರು, ಅದೇ ನಿಮ್ಮ ಬಲ. ದವಡೆ ಹಲ್ಲಿಗೆ ಬ್ಯಾಂಡ್ (ಉಂಗುರದಂಥ ಪಟ್ಟಿ) ಹಾಕುವ ಮೊದಲು ಸಂದಿನಲ್ಲಿ ಸೆಪರೇಟರ್ ರಬ್ಬರ್ ಇಡಬೇಕಲ್ವಾ, ಅದು ಮೂರರಿಂದ ಏಳು ದಿನ ಮೊದಲು ಇರಬೇಕು. ಹಿಂದಿನ ಭೇಟಿಯ ಶನಿವಾರ ಇಟ್ಟರೆ 14 ದಿನದಲ್ಲಿ ಬಿದ್ದುಹೋಗುತ್ತದೆ, ಇಲ್ಲವೇ ವಸಡಿನೊಳಗೆ ಇಳಿಯುತ್ತದೆ. ಹಾಗಾಗಿ ಅದೇ ವಾರದ ಸೋಮವಾರವೋ ಮಂಗಳವಾರವೋ ಕರೆಸಿ ನೀವೇ ಇಡಿ. ಕೀಳಬೇಕಾದ ಹಲ್ಲು ಇದ್ದರೆ ಒಂದು ವಾರ ಮೊದಲೇ ಕಿತ್ತು ಮುಗಿಸಿ. ಒಪಿಜಿ (ಎರಡೂ ದವಡೆಯದ್ದು), ಸೆಫಲೋಗ್ರಾಮ್ (ತಲೆಯದ್ದು) ಎಕ್ಸ್‌ರೇ ಶನಿವಾರ ಬೆಳಿಗ್ಗೆ ತೆಗೆಸಲು ಓಡಿಸಬೇಡಿ, ಗುರುವಾರಕ್ಕೇ ನಿಮ್ಮ ಕೈಗೆ ಬಂದಿರಲಿ. ಕ್ಲಿಪ್ ಬಿಚ್ಚಿದವರಿಗೆ ಹಲ್ಲು ಸರಿಯದಂತೆ ಹಿಡಿದಿಡುವ ರಿಟೇನರ್ ಕೊಡಲು ಮುಂದಿನ ಶನಿವಾರದ ತನಕ ಕಾಯುವುದಂತೂ ಬೇಡವೇ ಬೇಡ. ಬಿಚ್ಚಿದ ಹೊಸದರಲ್ಲೇ ಹಲ್ಲು ಹಿಂದಕ್ಕೆ ಸರಿಯುವ ಅಪಾಯ ಜಾಸ್ತಿ. ಅದೇ ದಿನ ಅಳತೆ ತೆಗೆದು ಲ್ಯಾಬ್‌ಗೆ ಕಳಿಸಿ, ಎರಡು ಮೂರು ದಿನದೊಳಗೆ ತರಿಸಿ ನೀವೇ ಕೂರಿಸಿ ಕೊಡಿ. ಲ್ಯಾಬ್ ಅಷ್ಟು ಬೇಗ ಕೊಡುವುದಿಲ್ಲ ಅಂದರೆ ಬಿಚ್ಚುವ ದಿನವನ್ನೇ ಲ್ಯಾಬ್ ಕೇಳಿ ಇಟ್ಟುಕೊಳ್ಳಿ.

ಫೋನ್ ಎತ್ತುವ ಹುಡುಗಿಗೆ ಸ್ವಲ್ಪ ಕಲಿಸಿಕೊಡಿ. ‘ಕ್ಲಿಪ್ ಬಿದ್ದಿದೆ’ ಅಂತ ಫೋನ್ ಬಂದರೆ ‘ಶನಿವಾರ ಬನ್ನಿ’ ಎಂದು ಇಟ್ಟುಬಿಡಬಾರದು. ಹೀಗೆ ಮಾತಾಡಲಿ:

‘ಹಲೋ, ಡಾಕ್ಟ್ರ ಕ್ಲಿನಿಕ್ಕಾ? ಮಗನ ಕ್ಲಿಪ್ ಒಂದು ಕಿತ್ತು ಬಂದಿದೆ.’

‘ಪೂರ್ತಿ ಹೊರಗೆ ಬಂದಿದೆಯಾ ಅಕ್ಕ, ಇಲ್ಲ ತಂತಿಯಲ್ಲೇ ಉಂಟಾ?’

‘ತಂತಿಯಲ್ಲೇ ಉಂಟು. ಆಚೀಚೆ ಜಾರ್ತದೆ.’

‘ಎದುರಿನ ಹಲ್ಲಾ, ಹಿಂದಿನದ್ದಾ? ಎಲ್ಲಿಯಾದ್ರೂ ಚುಚ್ತದಾ? ಊಟ ಮಾಡ್ಲಿಕ್ಕೆ ಆಗ್ತದಾ?’

‘ಹಿಂದಿನದ್ದು. ಚುಚ್ಚುವುದೆಲ್ಲ ಇಲ್ಲ.’

‘ಹಾಗಾದ್ರೆ ಹೆದರ್ಬೇಡಿ. ಒಂದು ಫೋಟೋ ತೆಗೆದು ವಾಟ್ಸಾಪ್ ಮಾಡಿ. ನಿಮ್ಗೆ ಶನಿವಾರ 11:15ಕ್ಕೆ ಇತ್ತಲ್ವಾ, 11 ಗಂಟೆಗೇ ಬನ್ನಿ. ಅದನ್ನು ಅಂಟಿಸ್ಲಿಕ್ಕೆ ಟೈಮ್ ಬೇಕು. ಅಷ್ಟರವರೆಗೆ ಗಟ್ಟಿ ತಿಂಡಿ ಬೇಡ.’

ಎರಡು ನಿಮಿಷದ ಮಾತು. ಇದರಿಂದ 15 ನಿಮಿಷದ ಜಾಗದಲ್ಲಿ ಅರ್ಧ ಗಂಟೆಯ ಕೆಲಸ ಬಂದು ಬೀಳುವುದು ತಪ್ಪಿತು. ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿದ್ದರೆ ಮೇಣ ಹಚ್ಚಲು ಹೇಳಿ, ಅದೇ ದಿನ ಅಥವಾ ಮರುದಿನ ಕರೆಸಿ, ನೀವೇ ತುದಿ ಕತ್ತರಿಸಿ ಕಳಿಸಿ. ಮುಖ ಊದಿ ಜ್ವರ ಬಂದಿದ್ದರೆ ಕಾಯಿಸುವ ಹಾಗಿಲ್ಲ. ತುಂಡು ಗಂಟಲಲ್ಲಿ ಹೋಗಿ ಕೆಮ್ಮು, ಉಸಿರಾಟದ ತೊಂದರೆ ಇದೆ ಎಂದರೆ ಕ್ಲಿನಿಕ್‌ಗೆ ಬರಲು ಹೇಳಬಾರದು, ಸೀದಾ ಆಸ್ಪತ್ರೆಗೆ ಹೋಗಲು ಹೇಳಬೇಕು. ಈ ನಾಲ್ಕು ಸಂಗತಿ ದೊಡ್ಡ ಅಕ್ಷರದಲ್ಲಿ ಫೋನ್ ಪಕ್ಕ ಬರೆದು ಅಂಟಿಸಿ. ನಮ್ಮಲ್ಲಿ ಫೋನ್ ಕನ್ನಡದಲ್ಲಿ ಶುರುವಾಗಿ ತುಳುವಿಗೋ ಮಲಯಾಳಕ್ಕೋ ಬ್ಯಾರಿಗೋ ಹೊರಳುತ್ತದೆ. ಕಾಸರಗೋಡಿನ ಹುಡುಗಿಯರಿಗೆ ಇದೇನೂ ಕಷ್ಟವಲ್ಲ. ನೆನಪಿನ ಮೆಸೇಜನ್ನೂ ಆ ಮನೆಯವರು ಓದುವ ಭಾಷೆಯಲ್ಲೇ ಕಳಿಸಿ. ಯಾವ ಭಾಷೆ ಅಂತ ಮೊದಲ ದಿನವೇ ಫೈಲ್‌ನಲ್ಲಿ ಬರೆದಿಡಿ. ಮೆಸೇಜಿನಲ್ಲಿ ದಿನ, ವಾರ, ಗಂಟೆ ಇದ್ದರೆ ಸಾಕು. ಮನೆಮಂದಿ ಎಲ್ಲ ನೋಡುವ ಫೋನಿಗೆ ಚಿಕಿತ್ಸೆಯ ವಿವರ ಹಾಕಬೇಡಿ.

ಇನ್ನು ಊರಿನ ಕ್ಯಾಲೆಂಡರ್. ಗಡಿಯಲ್ಲಿ ಕೂತು ಕ್ಲಿನಿಕ್ ನಡೆಸುವವರಿಗೆ ಎರಡು ರಾಜ್ಯದ ಲೆಕ್ಕ ಬೇಕು. ಇಲ್ಲಿನ ಮಕ್ಕಳಿಗೆ ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ, ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಪ್ಲಸ್ ಟು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಓದಲು ಹೋಗುವವರಿಗೆ ದಸರಾ ರಜೆ, ಅವರ ಪರೀಕ್ಷೆಯೇ ಬೇರೆ. ಕೇರಳದ ಶಾಲೆಗಳಿಗೆ ಸಾಮಾನ್ಯವಾಗಿ ಶನಿವಾರ ರಜೆ, ಕರ್ನಾಟಕದಲ್ಲಿ ಶನಿವಾರ ಅರ್ಧ ದಿನ ಕ್ಲಾಸು. ಅವರಿಗೆ ಮಧ್ಯಾಹ್ನದ ಮೇಲೆ ಕೊಡಿ. ತಂತಿ ಬಿಗಿ ಮಾಡಿದ ನೋವು ಮರುದಿನ ಜಾಸ್ತಿ ಇರುತ್ತದೆ, ಆಮೇಲೆ ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಸೋಮವಾರ ಗಣಿತ ಪರೀಕ್ಷೆ ಇರುವ ಮಗುವಿಗೆ ಶನಿವಾರ ಹೊಸ ತಂತಿ ಹಾಕುವುದು ಬೇಡ. ಎಸ್ಸೆಸ್ಸೆಲ್ಸಿಯವರಿಗೆ ಫೆಬ್ರವರಿ ಕೊನೆಗೆ ಎಂಟು ವಾರ ತಡೆಯುವ ತಂತಿ ಹಾಕಿ ಕಳಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಹೊಸ ಕ್ಲಿಪ್ ಹಾಕಿಸಲು ಏಪ್ರಿಲ್, ಮೇಯಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಾರೆ. ಅದನ್ನು ಮಾರ್ಚ್‌ನಲ್ಲೇ ಹಂಚಿಡಿ.

ರಂಜಾನ್ ತಿಂಗಳಲ್ಲಿ ಉಪವಾಸ ಇರುವವರಿಗೆ ಹಗಲಲ್ಲಿ ಬಾಯಿಗೆ ನೀರು ಹೊಡೆಯುವ ಕೆಲಸ ಬೇಡ ಅನ್ನಿಸುವುದು ಸಹಜ. ಆ ತಿಂಗಳು 29 ಅಥವಾ 30 ದಿನ. ಉಪವಾಸ ಶುರುವಾಗುವ ಮೊದಲಿನ ಶನಿವಾರ ನೋಡಿ, ಮುಂದಿನದನ್ನು ಆರು ವಾರಕ್ಕೆ ಇಟ್ಟರೆ ಹೆಚ್ಚಾಗಿ ಇಡೀ ತಿಂಗಳು ಅವರು ಬರಬೇಕಾಗಿಯೇ ಇಲ್ಲ. ಚಂದ್ರ ಕಾಣುವ ಎರಡು ತಿಂಗಳು ಮೊದಲೇ ಇದನ್ನು ಪುಸ್ತಕದಲ್ಲಿ ಹೊಂದಿಸಿಕೊಳ್ಳಿ. ಜನವರಿಯಲ್ಲಿ ಕುಂಬಳೆ ಜಾತ್ರೆ ಬಂದರೆ ಪೇಟೆಯಲ್ಲಿ ವಾಹನ ನಿಲ್ಲಿಸಲೂ ಆಗುವುದಿಲ್ಲ. ಮಳೆಗಾಲದಲ್ಲಿ ಕಲೆಕ್ಟರ್ ರಜೆ ಘೋಷಿಸುವುದು ಹಿಂದಿನ ಸಂಜೆ. ಹರತಾಳಕ್ಕೆ ಏಳು ದಿನ ಮೊದಲು ನೋಟಿಸ್ ಕೊಡಬೇಕು ಅಂತ 2019ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದರೂ ದಿಢೀರ್ ಹರತಾಳ ಆಮೇಲೂ ಆಗಿದೆ. ಇಂಥ ದಿನ ಪೂರ್ತಿ ಶನಿವಾರ ಹೋದರೆ ಯಾರನ್ನು ಮೊದಲು ಕರೆಸಬೇಕು ಎನ್ನುವ ಒಂದು ಕ್ರಮ ಇಟ್ಟುಕೊಳ್ಳಿ. ರಬ್ಬರ್ ಚೈನ್ ಇರುವವರು, ಬಾಯಲ್ಲಿ ಸ್ಕ್ರೂ ತಿರುಗಿಸುವ ಪ್ಲೇಟ್ ಇರುವ ಮಕ್ಕಳು ಮೊದಲು. ತೆಳು ತಂತಿಯವರು ಎರಡು ವಾರ ಕಾಯಬಹುದು.

ಗಲ್ಫ್ ಮನೆಗಳ ವಿಷಯ ಬೇರೆಯೇ. ಅಲ್ಲಿ ಓದುವ ಮಕ್ಕಳು ಜುಲೈ, ಆಗಸ್ಟ್ ರಜೆಗೆ ಬರುತ್ತಾರೆ. ‘ಎರಡು ತಿಂಗಳು ಇರ್ತೇವೆ, ಕ್ಲಿಪ್ ಹಾಕಿಬಿಡಿ’ ಎನ್ನುತ್ತಾರೆ. ಅಲ್ಲಿ ಮುಂದುವರಿಸುವ ಆರ್ಥೋಡಾಂಟಿಸ್ಟ್ ಯಾರು ಅಂತ ಗೊತ್ತಾಗದೆ ಹಾಕಬೇಡಿ. ವರ್ಷಕ್ಕೊಮ್ಮೆ ಬರುವ ಮಗುವಿಗೆ ಅಂಟಿಸಿದ ಕ್ಲಿಪ್ ಹಾಕುವುದು ಅನ್ಯಾಯ. ಹಲ್ಲಿನ ಸ್ಥಿತಿ ಒಪ್ಪಿದರೆ ಬಿಚ್ಚಿ ಹಾಕುವ ಅಲೈನರ್ (ಹಲ್ಲಿನ ಮೇಲೆ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ಅವರಿಗೆ ಸರಿಹೋಗಬಹುದು. ಒಂದೊಂದು ಸೆಟ್ ಒಂದು ಅಥವಾ ಎರಡು ವಾರಕ್ಕೆ. ಹಲವು ಸೆಟ್ ಒಟ್ಟಿಗೆ ಕೊಟ್ಟು, ಫೋಟೋ ತರಿಸಿ ನೋಡಬಹುದು. ಆದರೆ ದಿನಕ್ಕೆ 20ರಿಂದ 22 ಗಂಟೆ ಹಾಕುವ ಮಗುವಾ ಅಂತ ಮೊದಲು ತಾಯಿಯನ್ನು ಕೇಳಿ.

ಚಿಕಿತ್ಸೆ ನಡುವೆ ಊರು ಬಿಡುವವರಿಗೆ ಒಂದು ಕಾಗದ ಕೊಡಿ. ಬ್ರಾಕೆಟ್‌ನಲ್ಲಿ ತಂತಿ ಕೂರುವ ಸೀಳು 0.022 ಇಂಚಿನದ್ದಾ, 0.018ರದ್ದಾ, ಯಾವ ತಂತಿ ಇದೆ, ಯಾವ ಹಲ್ಲು ಕಿತ್ತಿದೆ, ಮುಂದೆ ಏನು ಮಾಡಬೇಕಿತ್ತು, ಎಷ್ಟು ಹಣ ಕೊಟ್ಟಿದ್ದಾರೆ. ಎಕ್ಸ್‌ರೇ ಪ್ರತಿಯನ್ನೂ ಕೊಡಿ. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಮ್ಮಲ್ಲಿ ಯಾರೂ ಮರೆತಿಲ್ಲ. ದೇರಳಕಟ್ಟೆ, ಮಂಗಳೂರಲ್ಲಿ ಕ್ಲಿಪ್ ಹಾಕಿಸಿಕೊಂಡಿದ್ದ ಎಷ್ಟೋ ಮಂದಿ ಈಚೆ ಉಳಿದುಬಿಟ್ಟರು. ಕೈಯಲ್ಲಿ ಕಾಗದ ಇದ್ದವರಿಗೆ ಇಲ್ಲಿನ ಡಾಕ್ಟರ್ ಸಹಾಯ ಮಾಡುವುದು ಸುಲಭ. ಇಲ್ಲದವರ ಬಾಯಿ ನೋಡಿ ಊಹಿಸಬೇಕು.

ಈಗ ಬಾರದವರ ವಿಷಯ. ನಾಲ್ಕು ತಿಂಗಳು ಬಾರದ ಬಾಯಿ ನೀವು ನೋಡಿಯೇ ಇರುತ್ತೀರಿ. ಬ್ರಾಕೆಟ್ ಸುತ್ತ ಬಿಳಿ ಕಲೆ, ಅದು ಹುಳುಕಿನ ಮೊದಲ ಹೆಜ್ಜೆ, ಕ್ಲಿಪ್ ತೆಗೆದ ಮೇಲೂ ಉಳಿಯುತ್ತದೆ. ಊದಿದ ವಸಡು. ಎರಡು ಬ್ರಾಕೆಟ್ ಕಿತ್ತುಹೋಗಿ ಆ ಹಲ್ಲು ಮಾತ್ರ ಹಿಂದೆ ಉಳಿದು ಪಕ್ಕದ್ದು ಮುಂದೆ ಬಂದಿರುತ್ತದೆ. ಆರು ತಿಂಗಳ ಕೆಲಸ ಮತ್ತೆ ಮಾಡಬೇಕು.

ಇವರು ಯಾಕೆ ಬರುವುದಿಲ್ಲ? ಬೇಜವಾಬ್ದಾರಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾನು ಕಂಡಂತೆ ದೊಡ್ಡ ಕಾರಣ ಹಣ. ಪ್ರತಿ ಭೇಟಿಗೆ ಒಂದು ಕಂತು ಅಂತ ನಾವು ಇಟ್ಟಿರುತ್ತೇವೆ. ಅಡಿಕೆ ಬೆಳೆಯುವ ಮನೆಗೆ ತಿಂಗಳ ಸಂಬಳ ಬರುವುದಿಲ್ಲ. ಅಡಿಕೆ ಒಣಗಿ, ಸುಲಿದು, ಮಾರಿದಾಗ ಹಣ. ಜುಲೈಯಲ್ಲಿ ಕೈಯಲ್ಲಿ 2,000 ಇಲ್ಲದ ತಂದೆ ಮಗಳನ್ನು ಕರೆದುಕೊಂಡು ಬರಲು ಹಿಂಜರಿಯುತ್ತಾರೆ, ‘ಮುಂದಿನ ತಿಂಗಳು ಹೋಗೋಣ’ ಎನ್ನುತ್ತಾರೆ. ಎರಡು ತಿಂಗಳಾದರೆ ಎರಡು ಕಂತು, ಇನ್ನೂ ನಾಚಿಕೆ. ಹಾಗಾಗಿ ಕಂತಿಗೂ ಭೇಟಿಗೂ ಗಂಟು ಹಾಕಬೇಡಿ. ವರ್ಷಕ್ಕೆ ಮೂರು ಸಲ ಕೊಡುವ ಏರ್ಪಾಡು ಅವರಿಗೆ ಅನುಕೂಲವಾದರೆ ಹಾಗೇ ಬರೆದುಕೊಳ್ಳಿ. ಬಾಕಿ ಇದ್ದರೂ ಮಗಳನ್ನು ಕಳಿಸಿ ಎಂದು ಮೊದಲ ದಿನವೇ, ತಂದೆಯ ಮುಖ ನೋಡಿ, ಬಾಯಿಬಿಟ್ಟು ಹೇಳಿ. ಬಾಕಿಯ ಮಾತನ್ನು ಮಗುವಿನ ಎದುರು, ಹೊರಗೆ ಕೂತವರ ಎದುರು ಆಡಬಾರದು.

ಎರಡನೆಯದು ಹೆದರಿಕೆ. ಕ್ಲಿಪ್ ಕಿತ್ತುಹೋದ ಮಕ್ಕಳು ಬೈಗುಳಕ್ಕೆ ಹೆದರಿ ಬರುವುದಿಲ್ಲ. ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ) ತಿಂದು ಕ್ಲಿಪ್ ಮುರಿದುಕೊಂಡ ಹುಡುಗ ಮನೆಯಲ್ಲೂ ಹೇಳುವುದಿಲ್ಲ. ಕಳೆದ ಸಲ ಯಾರಾದರೂ ಗದರಿದ್ದರೆ ಅವನು ಈ ಸಲ ಬರುವುದಿಲ್ಲ, ಅಷ್ಟೇ. ಮೂರನೆಯದು, ಪ್ಲಸ್ ಟು ಮುಗಿಸಿ ಮಂಗಳೂರಿಗೋ ಬೆಂಗಳೂರಿಗೋ ಹೋದವರು, ಮದುವೆಯಾಗಿ ಹೋದವರು. ಇವರಿಗೆ ಬೇಕಾದದ್ದು ಆ ಕಾಗದ.

ಮಾಡಬೇಕಾದದ್ದು ಇಷ್ಟು. ಮುಂದಿನ ದಿನ ಬರೆಯದೆ ಯಾರನ್ನೂ ಚೇರ್‌ನಿಂದ ಏಳಿಸಬೇಡಿ. ಡಾಕ್ಟರ್ ಕೈಗವಸು ತೆಗೆಯುವ ಮೊದಲೇ ಹೇಳಲಿ: ‘ಆರು ವಾರ, ಮುಂದಿನ ಸಲ ಕೆಳಗಿನ ತಂತಿ, 15 ನಿಮಿಷ.’ ಪಕ್ಕದಲ್ಲಿ ನಿಂತ ಹುಡುಗಿ ಅದನ್ನು ಚೀಟಿಯಲ್ಲಿ ಬರೆದು ಹೊರಗೆ ಕೊಡಲಿ. ಹೊರಗೆ ಪುಸ್ತಕ ನೋಡಿ ಹೊತ್ತು ಕೊಟ್ಟು ಕಾರ್ಡಿನಲ್ಲಿ ಬರೆಯಲಿ. ಗುರುವಾರ ಮೆಸೇಜ್, ಉತ್ತರ ಬಾರದವರಿಗೆ ಶುಕ್ರವಾರ ಫೋನ್. ಶನಿವಾರ ಸಂಜೆ ಬಾಗಿಲು ಹಾಕುವ ಮೊದಲು ಬಾರದವರ ಹೆಸರನ್ನು ಬೇರೆ ಒಂದು ಪುಸ್ತಕಕ್ಕೆ ಇಳಿಸಿ. ಸೋಮವಾರ ಹುಡುಗಿ ಫೋನ್ ಮಾಡಲಿ. ಎರಡು ತಪ್ಪಿಸಿದವರಿಗೆ ನೀವೇ ಮಾಡಿ. ಡಾಕ್ಟರ್ ಖುದ್ದಾಗಿ ಫೋನ್ ಮಾಡಿದರು ಎಂದರೆ ನಮ್ಮ ಕಡೆ ಜನ ಬರುತ್ತಾರೆ. ‘ಯಾಕೆ ಬರಲಿಲ್ಲ’ ಅಂತ ಶುರುಮಾಡಬೇಡಿ, ‘ಹಲ್ಲು ಹೇಗುಂಟು’ ಅಂತ ಕೇಳಿ. ಮೂರು ತಿಂಗಳು ದಾಟಿದರೆ ತಂದೆ ತಾಯಿಗೆ ಕಾಗದ ಬರೆಯಿರಿ, ಪ್ರತಿ ಫೈಲ್‌ನಲ್ಲಿ ಇಡಿ. ಇನ್ನು ಮುಂದುವರಿಸಲು ಆಗುವುದೇ ಇಲ್ಲ ಎಂದರೆ ಬಂದು ಕ್ಲಿಪ್ ಬಿಚ್ಚಿಸಿಕೊಂಡು ಹೋಗಲಿ. ನೋಡುವವರಿಲ್ಲದ ಕ್ಲಿಪ್ ಬಾಯಿಯಲ್ಲಿ ಇರುವುದಕ್ಕಿಂತ ಅದು ವಾಸಿ. ಆ ಪುಸ್ತಕ ಖಾಲಿಯಾಗುವ ತನಕ ಹೊಸ ಕ್ಲಿಪ್ ಹಾಕುವುದನ್ನು ಶನಿವಾರಕ್ಕೆ ಒಂದಕ್ಕೆ ಇಳಿಸಿ ಅಂತಲೇ ನಾನು ಹೇಳುತ್ತೇನೆ. ಹೊಸಬರ ಮುಂಗಡ ಕ್ಲಿನಿಕ್‌ಗೆ ಬೇಕು, ಗೊತ್ತು. ಆದರೆ ಈಗಾಗಲೇ ನಮ್ಮನ್ನು ನಂಬಿದವರ ಕೆಲಸ ಅರ್ಧದಲ್ಲಿದೆ.

ತಡವಾಗಿ ಬಂದವರಿಗೆ ಹತ್ತು ನಿಮಿಷದ ವಿನಾಯಿತಿ ಸಾಕು. ಅದಕ್ಕಿಂತ ತಡವಾದರೆ ಮಧ್ಯಾಹ್ನದ ಜಾಗ ಕೊಡಿ, ವಾಪಸ್ ಕಳಿಸಬೇಡಿ. ತಪ್ಪಿಸಿದ್ದಕ್ಕೆ ದಂಡ ಹಾಕುವುದು ನನಗೆ ಸರಿ ಕಾಣುವುದಿಲ್ಲ. ದಂಡಕ್ಕೆ ಹೆದರಿ ಅವರು ಇನ್ನೂ ದೂರವಾಗುತ್ತಾರೆ.

ಕೊನೆಗೆ ಸಾಫ್ಟ್‌ವೇರ್. ಮೊದಲ ಮೂರು ತಿಂಗಳು ಒಂದು ದೊಡ್ಡ ಲೆಕ್ಕದ ಪುಸ್ತಕ ಸಾಕು. ಒಂದು ಶನಿವಾರಕ್ಕೆ ಎದುರುಬದುರಾದ ಎರಡು ಪುಟ, ಎಡಕ್ಕೆ ಒಂದನೇ ಚೇರ್, ಬಲಕ್ಕೆ ಎರಡನೆಯದು, 15 ನಿಮಿಷಕ್ಕೊಂದು ಗೆರೆ. ಡಾಕ್ಟರ್ ಕೈ ಬೇಕಾದ ಗೆರೆಗಳಿಗೆ ಕೆಂಪು ಬಣ್ಣ. ಎಡ ಬಲ ಎರಡೂ ಕಡೆ ಒಂದೇ ಹೊತ್ತಿಗೆ ಉದ್ದನೆಯ ಕೆಂಪು ಬಿದ್ದಿದ್ದರೆ ಅಲ್ಲಿ ಜನ ಕಾಯುತ್ತಾರೆ ಎಂದರ್ಥ. ಹೊತ್ತು ಬದಲಿಸಿ. ನಿಮ್ಮ ಹುಡುಗಿಯರಿಗೆ ಇದು ಕೈಗೆ ಹತ್ತಿದ ಮೇಲೆ ಸಾಫ್ಟ್‌ವೇರ್ ಮಾರುವವರನ್ನು ಕರೆಸಿ. ಎರಡು ಚೇರ್ ಪಕ್ಕಪಕ್ಕ ಕಾಣುತ್ತದಾ, ಡಾಕ್ಟರ್ ಹೊತ್ತನ್ನು ಬೇರೆಯಾಗಿ ಗುರುತಿಸಲು ಆಗುತ್ತದಾ, ಕನ್ನಡ ಮತ್ತು ಮಲಯಾಳದಲ್ಲಿ ಮೆಸೇಜ್ ಹೋಗುತ್ತದಾ ಅಂತ ನೋಡಿ. ಆರು ವಾರದಿಂದ ಬಾರದೆ, ಮುಂದಿನ ದಿನವೂ ಇಲ್ಲದೆ ಇರುವವರ ಪಟ್ಟಿಯನ್ನು ನಿಮ್ಮ ಎದುರೇ ತೆಗೆದು ತೋರಿಸಲು ಹೇಳಿ. ತೋರಿಸಲು ಆಗದಿದ್ದರೆ ಅದು ನಿಮ್ಮ ಕೆಲಸಕ್ಕೆ ಬರುವುದಿಲ್ಲ, ಪುಸ್ತಕವೇ ಮುಂದುವರಿಯಲಿ.